ಘಾಟಿಗೆ ಹೊರಡುವ ಮುನ್ನ: ಗಾಡಿಗೆ ತಕ್ಕ ಟ್ರೈಲರ್

(ಶಿವಮೊಗ್ಗದಲ್ಲಿ, ಸ್ವಂತ ಕ್ಯಾರವಾನ್ ಟ್ರೈಲರ್ ಕೊಳ್ಳುವ ಯೋಚನೆಯಲ್ಲಿರುವ ಒಂದಷ್ಟು ಗೆಳೆಯರ ಮುಂದೆ ಆಡಿದ ಮಾತುಗಳ ಬರಹ ರೂಪ. ಬೋರ್ಡಿನ ಮೇಲೆ ಬರೆದು ತೋರಿಸಿದ ಲೆಕ್ಕಗಳನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಿದ್ದೇನೆ.)

ಟ್ರೈಲರ್ ಕೊಳ್ಳಲು ಹೊರಟವರೆಲ್ಲ ಮೊದಲು ಕೇಳುವುದು ಒಂದೇ: "ನಮ್ಮ ಗಾಡಿ ಎಳೆಯುತ್ತಾ?" ಎಳೆಯುತ್ತದೆ ಸ್ವಾಮಿ, ಅದರಲ್ಲಿ ಅನುಮಾನವೇ ಬೇಡ. ಜನ, ಸಾಮಾನು ಸೇರಿ ಎರಡೂವರೆ ಟನ್ ತೂಗುವ ಎಸ್‌ಯುವಿ, ಹಿಂದೆ ಒಂದು ಟನ್ ಟ್ರೈಲರ್, ಒಟ್ಟು 3,500 ಕೆಜಿ ಅಂತ ಇಟ್ಟುಕೊಳ್ಳಿ. ಹತ್ತು ಮೀಟರಿಗೆ ಒಂದು ಮೀಟರ್ ಏರುವ ದಿಬ್ಬವನ್ನು ಗಂಟೆಗೆ 30 ಕಿ.ಮೀ. ವೇಗದಲ್ಲಿ ಹತ್ತಲು ಚಕ್ರದ ಬಳಿ ಬೇಕಾಗುವುದು ಸುಮಾರು 33 ಕಿಲೋವ್ಯಾಟ್, ಅಂದರೆ 45 ಹಾರ್ಸ್‌ಪವರ್. ಈಗಿನ ಡೀಸೆಲ್ ಎಸ್‌ಯುವಿಗಳಲ್ಲಿ ಅದರ ಮೂರು ಪಟ್ಟು ಇರುತ್ತದೆ. ಶೋರೂಮಿನವರು ಹಾರ್ಸ್‌ಪವರ್, ಟಾರ್ಕ್ ಅಂತ ಹೇಳುವುದನ್ನು ಕೇಳಿ ಖುಷಿಪಟ್ಟು ಬಂದವರು ಇಲ್ಲಿಗೆ ಲೆಕ್ಕ ನಿಲ್ಲಿಸಿಬಿಡುತ್ತಾರೆ. ನಾವು ಶುರು ಮಾಡಬೇಕಾದ್ದೇ ಇಲ್ಲಿಂದ. ಹತ್ತಿದ ಮೇಲೆ ಇಳಿಯಬೇಕು. ಇಳಿಯುವಾಗ ನಿಲ್ಲಿಸಬೇಕು. ಅದಕ್ಕೂ ಮೊದಲು, ಆ ಟ್ರೈಲರಿನ ಮೂತಿ ನಿಮ್ಮ ಗಾಡಿಯ ಬೆನ್ನ ಮೇಲೆ ಊರುವ ಭಾರವನ್ನು ಗಾಡಿ ಹೊರಬೇಕು. ಹೊರುವುದು, ನಿಲ್ಲಿಸುವುದು: ಈ ಎರಡರಲ್ಲಿ ಪಾಸಾದರೆ ಎಳೆಯುವುದು ತಾನಾಗಿ ಆಗುತ್ತದೆ.

ಹೊರುವುದನ್ನು ಮೊದಲು ನೋಡೋಣ. ನಿಮ್ಮ ಗಾಡಿಗೆ ಎರಡು ತೂಕ ಇವೆ. ಖಾಲಿ ನಿಂತಾಗಿನ ತೂಕ, ಅಂದರೆ ಕರ್ಬ್ ವೇಟ್, ಒಂದು. ಜನ, ಸಾಮಾನು ಎಲ್ಲ ಸೇರಿ ಇದಕ್ಕಿಂತ ಮೇಲೆ ಹೋಗಕೂಡದು ಅಂತ ಕಂಪನಿ ಹಾಕಿದ ಗೆರೆ, ಜಿವಿಡಬ್ಲ್ಯೂ, ಇನ್ನೊಂದು. ಹ್ಯಾಂಡ್‌ಬುಕ್ಕಿನಲ್ಲಿ ಹುಡುಕಿದರೆ ಸಿಗುತ್ತವೆ. ಒಂದರಿಂದ ಒಂದನ್ನು ಕಳೆದರೆ ಉಳಿಯುವುದು ಪೇಲೋಡ್. ಉದಾಹರಣೆಗೆ ಖಾಲಿ ತೂಕ 1,950, ಗರಿಷ್ಠ 2,510 ಅಂದರೆ ಕೈಯಲ್ಲಿರುವುದು 560 ಕೆಜಿ. ಬಹಳ ಅನ್ನಿಸುತ್ತದೆ. ಈಗ ಖರ್ಚು ಹಾಕುತ್ತಾ ಬನ್ನಿ. ಡ್ರೈವರ್ ಸೇರಿ ನಾಲ್ಕು ಜನ, 280. ಬ್ಯಾಗುಗಳು 60. ಮೇಲಿನ ಕ್ಯಾರಿಯರ್, ಅದರ ಮೇಲೆ ಕಟ್ಟಿದ್ದು 45. ಡಿಕ್ಕಿಯಲ್ಲಿ ಫ್ರಿಜ್ಜು, ಎರಡನೇ ಬ್ಯಾಟರಿ 40. ಟ್ರೈಲರ್ ಸಿಕ್ಕಿಸುವ ಹಿಚ್ಚೇ ಒಂದು ಕಬ್ಬಿಣದ ತೊಲೆ, ಅದು 30. ಒಟ್ಟು 455. ಉಳಿದದ್ದು 105 ಕೆಜಿ. ಟ್ರೈಲರಿನ ಮೂತಿಗೆ ನೀವು ಕೊಡಬಹುದಾದ ಜಾಗ ಇಷ್ಟೇ.

ಆ ಮೂತಿಯ ಭಾರ ಎಷ್ಟಿರಬೇಕು? ಎತ್ತಿನ ಗಾಡಿ ಹೇರಿದವರಿಗೆ ಇದನ್ನು ಹೇಳಿಕೊಡಬೇಕಾಗಿಲ್ಲ. ಮುಂದಕ್ಕೆ ಹೆಚ್ಚು ಹೇರಿದರೆ ನೊಗ ಎತ್ತಿನ ಹೆಗಲು ಒತ್ತುತ್ತದೆ. ಹಿಂದಕ್ಕೆ ಹೆಚ್ಚು ಹೇರಿದರೆ ಮೂಕಿ, ಅಂದರೆ ನೊಗಕ್ಕೆ ಕಟ್ಟುವ ಮುಂದಿನ ಉದ್ದ ಮರ, ಮೇಲೆದ್ದು ಎತ್ತಿನ ಕೊರಳನ್ನೇ ಎತ್ತುತ್ತದೆ. ಟ್ರೈಲರಿನ ಮೂತಿ ಗಾಡಿಯ ಮೇಲೆ ಊರುವ ಭಾರವನ್ನು ನಾನು ಮೂಕಿಭಾರ ಅಂತಲೇ ಕರೆಯುತ್ತೇನೆ. ಅಮೆರಿಕದವರ ರೂಢಿ ಟ್ರೈಲರಿನ ತುಂಬಿದ ತೂಕದಲ್ಲಿ ನೂರಕ್ಕೆ 10ರಿಂದ 15. ಯುರೋಪಿನಲ್ಲಿ 5ರಿಂದ 7 ಸಾಕು ಅನ್ನುತ್ತಾರೆ; ಅಲ್ಲಿನ ಕ್ಯಾರವಾನುಗಳಲ್ಲಿ ಭಾರದ ವಸ್ತುಗಳನ್ನು ಅಚ್ಚಿನ ಹತ್ತಿರವೇ ಕೂಡಿಸಿರುತ್ತಾರೆ, ಟ್ರೈಲರಿಗೆ ಪ್ರತ್ಯೇಕ ವೇಗದ ಮಿತಿಯೂ ಇದೆ. ಹೊಸಬರು, ಅದರಲ್ಲೂ ನಮ್ಮ ರಸ್ತೆಯಲ್ಲಿ ಓಡಿಸುವವರು, 10ಕ್ಕಿಂತ ಕೆಳಗೆ ಇಳಿಯದಿರುವುದು ಒಳ್ಳೆಯದು ಅನ್ನುವುದು ನನ್ನ ಮತ.

ಹಾಗಿದ್ದರೆ 105 ಕೆಜಿಗೆ ಯಾವ ಟ್ರೈಲರ್ ಬಂದೀತು? ಬ್ರೋಷರಿನಲ್ಲಿ "650 ಕೆಜಿ ಮಾತ್ರ" ಅಂತ ಬರೆದಿರುತ್ತದೆ. ಅದು ಕಾರ್ಖಾನೆಯಿಂದ ಹೊರಬಂದ ದಿನದ ತೂಕ. 80 ಲೀಟರ್ ನೀರು ತುಂಬಿದರೆ 80 ಕೆಜಿ. ಮನೆಯ ಗ್ಯಾಸ್ ಸಿಲಿಂಡರಿನಲ್ಲಿ ಗ್ಯಾಸು 14.2 ಕೆಜಿಯಾದರೂ ಕಬ್ಬಿಣ ಸೇರಿ ಮೂವತ್ತರ ಹತ್ತಿರ. ಇನ್ವರ್ಟರ್ ಬ್ಯಾಟರಿ 55. ಎಸಿ 30, ಪಕ್ಕಕ್ಕೆ ಬಿಚ್ಚುವ ಚಪ್ಪರ 20. ಹಾಸಿಗೆ, ಪಾತ್ರೆ, ಅಕ್ಕಿ, ಮೆಟ್ಟುಕತ್ತಿ, ಅಮ್ಮ ಕಟ್ಟಿಕೊಟ್ಟ ಉಪ್ಪಿನಕಾಯಿ ಜಾಡಿ ಎಲ್ಲ ಸೇರಿ 60. ನೋಡಿ, 925 ಆಯಿತು. ನೂರಕ್ಕೆ 10ರಂತೆ ಮೂಕಿಭಾರ 92, ಹಿಡಿಸುತ್ತದೆ. 12 ಆದರೆ 111, ಹಿಡಿಸುವುದಿಲ್ಲ. ಎಂಜಿನ್ ಎರಡು ಟನ್ ಎಳೆಯಬಲ್ಲ ಗಾಡಿ ಒಂದು ಟನ್ನಿಗೂ ಮೊದಲೇ ಕೈ ಎತ್ತಿತು. ಎಂಜಿನ್ ಸೋತದ್ದಲ್ಲ ಇದು, ಗಾಡಿಯ ಹೊರುವ ಶಕ್ತಿ ಸೋತದ್ದು.

ನೀರಿನ ವಿಷಯದಲ್ಲಿ ಒಂದು ಮಾತು. ಮಲೆನಾಡಿನಲ್ಲಿ ಟ್ಯಾಂಕ್ ತುಂಬಿಕೊಂಡು ತಿರುಗುವುದು ನನಗಂತೂ ಅರ್ಥವಾಗುವುದಿಲ್ಲ. ತಂಗುವ ಜಾಗಕ್ಕೆ ಹೋಗಿ ತುಂಬಿಕೊಳ್ಳಿ. ಅರ್ಧ ತುಂಬಿದ ಟ್ಯಾಂಕು ತಿರುವಿನಲ್ಲಿ ತುಳುಕುತ್ತದೆ. ಟ್ಯಾಂಕು ಅಚ್ಚಿನ ಹಿಂದಿದ್ದರೆ ನೀರು ತುಂಬಿದಷ್ಟೂ ಮೂಕಿ ಹಗುರಾಗುತ್ತದೆ. ಬೆಳಿಗ್ಗೆ ಸರಿಯಿದ್ದ ಲೆಕ್ಕ ಸಂಜೆಗೆ ಬೇರೆ.

ಮೂಕಿಭಾರ 100 ಕೆಜಿ ಅಂದರೆ ಹಿಂದಿನ ಚಕ್ರಗಳ ಮೇಲೆ ಬೀಳುವುದು 100 ಅಲ್ಲ. ಟ್ರೈಲರಿನ ಮೂತಿ ಕೂರುವ ಹಿಚ್ಚಿನ ಗುಂಡು ಹಿಂದಿನ ಅಚ್ಚಿನಿಂದ ಸುಮಾರು 1.1 ಮೀಟರ್ ಆಚೆ ಇರುತ್ತದೆ, ಮುಂದಿನ ಚಕ್ರಕ್ಕೂ ಹಿಂದಿನದಕ್ಕೂ ನಡುವೆ 2.75 ಮೀಟರ್ ಅಂದುಕೊಳ್ಳಿ. ಸನ್ನೆಕೋಲಿನ ಲೆಕ್ಕದಲ್ಲಿ ಹಿಂದಿನ ಅಚ್ಚಿಗೆ ಬೀಳುವುದು 140 ಕೆಜಿ, ಮುಂದಿನ ಅಚ್ಚಿನಿಂದ 40 ಕೆಜಿ ಕಡಿಮೆಯಾಗುತ್ತದೆ. ಸ್ಟೀರಿಂಗ್ ಇರುವುದು ಮುಂದೆ. ಬ್ರೇಕಿನ ಹೆಚ್ಚಿನ ಕೆಲಸ ನಡೆಯುವುದೂ ಮುಂದೆ. ಜುಲೈ ತಿಂಗಳಲ್ಲಿ ಮಂಡಗದ್ದೆ ದಾಟಿ ತೀರ್ಥಹಳ್ಳಿ ಕಡೆ ಹೋಗುವಾಗ, ಮರದ ನೆರಳಿನಲ್ಲಿ ಬಿಸಿಲೇ ಕಾಣದೆ ಪಾಚಿ ಕಟ್ಟಿದ ತಿರುವಿನಲ್ಲಿ, ಆ 40 ಕೆಜಿ ಎಲ್ಲಿ ಹೋಯಿತು ಅಂತ ಗೊತ್ತಾಗುತ್ತದೆ. ಮುಂದಿನ ಚಕ್ರದಿಂದಲೇ ಓಡುವ ಕಾರುಗಳಲ್ಲಿ ಇದು ಇನ್ನೂ ಕಷ್ಟ; ಎಳೆಯುವ ಚಕ್ರವೇ ಹಗುರಾಗಿಬಿಡುತ್ತದೆ.

ಇದೆಲ್ಲ ಕಾಗದದ ಮೇಲಿನ ಲೆಕ್ಕ. ನಿಜದ ತೂಕ ತಿಳಿಯಲು ಶಿವಮೊಗ್ಗದಲ್ಲಿ ದೊಡ್ಡ ಸಾಹಸ ಬೇಕಿಲ್ಲ. ಅಡಿಕೆ, ಭತ್ತದ ಲಾರಿಗಳನ್ನು ತೂಗುವ ವೇಬ್ರಿಡ್ಜಿಗೆ ಹೋಗಿ. ಪ್ರವಾಸಕ್ಕೆ ಹೊರಟಂತೆಯೇ ಹೋಗಬೇಕು: ಮಕ್ಕಳು, ಅಜ್ಜಿ, ಚೀಲ, ಪೂರ್ತಿ ಡೀಸೆಲ್ಲು. ಮೊದಲು ಗಾಡಿಯನ್ನು ಮಾತ್ರ ತೂಗಿಸಿ. ಆಮೇಲೆ ಟ್ರೈಲರ್ ಸಿಕ್ಕಿಸಿ, ಗಾಡಿಯ ನಾಲ್ಕು ಚಕ್ರ ತಟ್ಟೆಯ ಮೇಲೆ, ಟ್ರೈಲರಿನ ಚಕ್ರ ಹೊರಗೆ ಇರುವಂತೆ ನಿಲ್ಲಿಸಿ. ಹೆಚ್ಚಾದದ್ದೇ ಮೂಕಿಭಾರ. ಮುಂದಕ್ಕೆ ಸರಿದು ಟ್ರೈಲರಿನ ಚಕ್ರ ಮಾತ್ರ ತಟ್ಟೆಯ ಮೇಲೆ ಬರುವಂತೆ ಮಾಡಿ. ಅದಕ್ಕೆ ಮೂಕಿಭಾರ ಕೂಡಿಸಿದರೆ ಟ್ರೈಲರಿನ ಪೂರ್ತಿ ತೂಕ. ಗಾಡಿಯ ಹಿಂದಿನ ಚಕ್ರಗಳನ್ನಷ್ಟೇ ಹತ್ತಿಸಿ ಇನ್ನೊಂದು ಚೀಟಿ ತೆಗೆದುಕೊಂಡರೆ ಅಚ್ಚಿನ ಭಾರವೂ ಸಿಕ್ಕಿತು. ತೂಗುವವನು ವಿಚಿತ್ರವಾಗಿ ನೋಡುತ್ತಾನೆ, ನೋಡಲಿ.

ಆದರೆ ಆ ತಟ್ಟೆ ಲಾರಿಗಾಗಿ ಮಾಡಿದ್ದು, ಐದೋ ಹತ್ತೋ ಕೆಜಿಯ ಹೆಜ್ಜೆಯಲ್ಲಿ ತೋರಿಸುತ್ತದೆ. ನೂರು ಕೆಜಿಯ ಮೂಕಿಭಾರಕ್ಕೆ ಅಷ್ಟು ಒರಟು ಅಳತೆ ಸಾಲದು. ಅದಕ್ಕೆ ಮನೆಯ ಅಂಗಳವೇ ವಾಸಿ. ಮಟ್ಟಸವಾದ ಸಿಮೆಂಟಿನ ನೆಲದಲ್ಲಿ ಟ್ರೈಲರಿನ ಚಕ್ರಗಳಿಗೆ ಎರಡೂ ಕಡೆ ಕಲ್ಲು ಕೊಡಿ. ಜನ ನಿಂತು ನೋಡುವ ತೂಕದ ಯಂತ್ರವನ್ನು ಮೂತಿಯ ನೇರ ಕೆಳಗೆ ಇಡಿ, ಮೇಲೊಂದು ಹಲಗೆ. ಗಾಡಿಗೆ ಸಿಕ್ಕಿಸಿದಾಗ ಮೂತಿ ಎಷ್ಟು ಎತ್ತರದಲ್ಲಿರುತ್ತದೋ, ಯಂತ್ರ, ಹಲಗೆ, ಗೂಟ ಮೂರೂ ಸೇರಿ ಅಷ್ಟೇ ಎತ್ತರ ಬರುವಂತೆ ಕತ್ತರಿಸಿದ ಮರದ ಗೂಟವನ್ನು ಹಲಗೆಯ ಮೇಲೆ ನೆಟ್ಟಗೆ ನಿಲ್ಲಿಸಿ. ಮೂತಿಯ ಬಳಿ ಆಸರೆಗಿರುವ ಪುಟ್ಟ ಚಕ್ರದ ಹಿಡಿಕೆಯನ್ನು ತಿರುಗಿಸುತ್ತಾ ಮೂತಿಯನ್ನು ಗೂಟದ ಮೇಲೆ ಇಳಿಸಿ, ಆ ಚಕ್ರ ನೆಲ ಬಿಟ್ಟ ಕೂಡಲೇ ಮುಳ್ಳು ನೋಡಿ. ಎತ್ತರ ತಪ್ಪಿದರೆ ತೂಕವೂ ತಪ್ಪುತ್ತದೆ, ಅದಕ್ಕೇ ಗೂಟ ಅಳೆದು ಕತ್ತರಿಸಬೇಕು. ಮುಳ್ಳು 70 ತೋರಿಸಿತು ಅಂತಿಟ್ಟುಕೊಳ್ಳಿ. ಅಚ್ಚಿನಿಂದ ಮೂತಿಗೆ ಮೂರೂವರೆ ಮೀಟರ್ ಇರುವ ಟ್ರೈಲರಿನಲ್ಲಿ 25 ಕೆಜಿಯ ಎರಡು ಅಕ್ಕಿ ಚೀಲವನ್ನು ಒಂದು ಮೀಟರ್ ಮುಂದಕ್ಕೆ ಸರಿಸಿದರೆ ಮುಳ್ಳು 84ಕ್ಕೆ ಬರುತ್ತದೆ. ಯಾವ ಸಾಮಾನು ಎಲ್ಲಿ ಇಡಬೇಕು ಅನ್ನುವುದು ಹೀಗೆ ಸರಿಸಿ ಸರಿಸಿ ಗೊತ್ತಾಗಬೇಕು. ಗೊತ್ತಾದ ಮೇಲೆ ಕಪಾಟಿನ ಬಾಗಿಲ ಮೇಲೆ ಬರೆದಿಡಿ, ಇಲ್ಲದಿದ್ದರೆ ಮುಂದಿನ ಸಲ ಯಾರೋ ಸಿಲಿಂಡರನ್ನು ಹಿಂದೆ ಹಾಕುತ್ತಾರೆ.

ಮೂಕಿ ಹಗುರಾದರೆ ಏನಾಗುತ್ತದೆ? ಟ್ರೈಲರ್ ಬಾಲ ಬೀಸುತ್ತದೆ. ಮೊದಲು ಸಣ್ಣಗೆ, ನಂತರ ಪ್ರತಿ ಬೀಸಿಗೂ ದೊಡ್ಡದಾಗುತ್ತಾ ಗಾಡಿಯ ಹಿಂಭಾಗವನ್ನೇ ಎಡಕ್ಕೂ ಬಲಕ್ಕೂ ಎಳೆಯುತ್ತದೆ. ವೇಗ ಹೆಚ್ಚಿದಷ್ಟೂ ಬೇಗ ಬರುತ್ತದೆ, ಇಳಿಜಾರಿನಲ್ಲಿ ಇನ್ನೂ ಬೇಗ. ಸಾಗರದ ರಸ್ತೆಯಲ್ಲಿ ಎದುರಿನಿಂದ ಬಂದ ಬಸ್ಸು ಪಕ್ಕದಲ್ಲೇ ರಭಸದಿಂದ ಹಾದುಹೋದರೆ ಅಷ್ಟು ಗಾಳಿಯೇ ಸಾಕು ಇದನ್ನು ಶುರು ಮಾಡಲು. 2025ರ ಜುಲೈನಲ್ಲಿ ತೆರೆದ ಅಂಬಾರಗೋಡ್ಲು–ಕಳಸವಳ್ಳಿ ಸೇತುವೆ ಇದೆಯಲ್ಲ, ಸಿಗಂದೂರಿಗೆ ಹೋಗುವುದು, 2.44 ಕಿ.ಮೀ. ಉದ್ದ. ಲಾಂಚಿಗೆ ಕಾಯುವ ತಾಪತ್ರಯ ಹೋಯಿತು, ಸಂತೋಷ. ಆದರೆ ಶರಾವತಿ ಹಿನ್ನೀರಿನ ಬಯಲಿನಲ್ಲಿ ಅಡ್ಡಗಾಳಿ ತಡೆಯಲು ಒಂದು ಮರವೂ ಇಲ್ಲ, ಕ್ಯಾರವಾನ್ ಅಂದರೆ ಚಕ್ರದ ಮೇಲಿನ ಗೋಡೆ. ಮಳೆಗಾಲದಲ್ಲಿ ಅಲ್ಲಿ ನಿಧಾನ ಮಾಡಿ. ಬೀಸಲು ಶುರುವಾದರೆ ಬ್ರೇಕ್ ಒತ್ತಬೇಡಿ, ಸ್ಟೀರಿಂಗನ್ನು ಅತ್ತ ಇತ್ತ ತಿರುಗಿಸಿ ಸರಿಪಡಿಸಲು ಹೋಗಬೇಡಿ. ಸ್ಟೀರಿಂಗ್ ನೇರ ಹಿಡಿದು ಆಕ್ಸಿಲರೇಟರಿನಿಂದ ಮೆಲ್ಲಗೆ ಕಾಲು ತೆಗೆಯಿರಿ. ಟ್ರೈಲರಿಗೆ ಎಲೆಕ್ಟ್ರಿಕ್ ಬ್ರೇಕ್ ಇದ್ದರೆ ಅದರ ಕೈಸ್ವಿಚ್ಚನ್ನು ಮಾತ್ರ ಒತ್ತಿದರೆ ಟ್ರೈಲರ್ ಹಿಂದಕ್ಕೆ ಜಗ್ಗಿ ನೆಟ್ಟಗಾಗುತ್ತದೆ.

ಇನ್ನು ನಿಲ್ಲಿಸುವುದು. ಘಾಟಿಯಲ್ಲಿ 500 ಮೀಟರ್ ಕೆಳಗೆ ಇಳಿಯುತ್ತೀರಿ ಅನ್ನೋಣ. ಅದೇ 3,500 ಕೆಜಿ ಅಷ್ಟು ಇಳಿದಾಗ ಬಿಡುಗಡೆಯಾಗುವ ಶಕ್ತಿ ಸುಮಾರು 17 ಮೆಗಾಜೂಲ್. ಅದು ಎಲ್ಲಿಗಾದರೂ ಹೋಗಲೇಬೇಕು. ಎಲ್ಲವನ್ನೂ ಬ್ರೇಕಿಗೇ ಹಾಕಿದಿರಿ, ಬ್ರೇಕ್ ಡಿಸ್ಕು ಡ್ರಮ್ಮುಗಳ ಕಬ್ಬಿಣ ಎಲ್ಲ ಸೇರಿ 40 ಕೆಜಿ, ಶಾಖ ಗಾಳಿಗೆ ಹೋಗಲೇ ಇಲ್ಲ ಅಂದುಕೊಂಡರೆ ಆ ಕಬ್ಬಿಣ 900 ಡಿಗ್ರಿ ದಾಟಬೇಕು. ನಿಜದಲ್ಲಿ ಬಹುಪಾಲು ಶಾಖ ಗಾಳಿಗೆ ಹೋಗುತ್ತದೆ, ಸ್ವಲ್ಪ ಭಾಗವನ್ನು ಗೇರಿನಲ್ಲಿರುವ ಎಂಜಿನ್ ತಡೆಯುತ್ತದೆ. ಆದರೂ ಎಷ್ಟು ಶಾಖದ ಜೊತೆ ವ್ಯವಹಾರ ಅನ್ನುವುದು ಗೊತ್ತಿರಲಿ. ಹತ್ತಲು ಯಾವ ಗೇರು ಬೇಕಾಗಿತ್ತೋ ಇಳಿಯಲೂ ಅದೇ ಗೇರು ಅನ್ನುವ ಹಳೆಯ ಲಾರಿ ಡ್ರೈವರುಗಳ ಮಾತಿಗೆ ಇಲ್ಲಿಯ ತನಕ ಬದಲಿ ಬಂದಿಲ್ಲ. ಬ್ರೇಕಿನ ಮೇಲೆ ಕಾಲಿಟ್ಟುಕೊಂಡೇ ಇಳಿಯಬೇಡಿ. ಗಟ್ಟಿಯಾಗಿ ಒತ್ತಿ ವೇಗ ತಗ್ಗಿಸಿ, ಬಿಡಿ, ಆರಲು ಸಮಯ ಕೊಡಿ.

ಮಲೆನಾಡಿನವರು ಇದರ ಜೊತೆ ಇನ್ನೊಂದನ್ನು ಸೇರಿಸಿಕೊಳ್ಳಬೇಕು. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ. ಹೊಸ ಡಾಟ್-3 ದರ್ಜೆಯ ಆಯಿಲ್ ಕನಿಷ್ಠ 205 ಡಿಗ್ರಿ ಸೆಲ್ಸಿಯಸ್ ತನಕ ಕುದಿಯಬಾರದು ಅಂತ ನಿಯಮ. ತೇವ ಹೀರಿದ ಮೇಲೆ ಆ ಕನಿಷ್ಠ 140ಕ್ಕೆ ಇಳಿಯುತ್ತದೆ. ಡಾಟ್-4 ಆದರೆ 230, ತೇವ ಹೀರಿದ್ದು 155. ಕುದಿದರೆ ಪೈಪಿನಲ್ಲಿ ಆವಿ ಗುಳ್ಳೆಯಾಗಿ, ಪೆಡಲ್ ನೆಲಕ್ಕೆ ಹೋಗುತ್ತದೆ, ಗಾಡಿ ನಿಲ್ಲುವುದಿಲ್ಲ. ಜೂನ್‌ನಿಂದ ಸೆಪ್ಟೆಂಬರ್ ತನಕ ಬಟ್ಟೆಯೇ ಒಣಗದ ಊರಿನಲ್ಲಿ ವರ್ಷಗಟ್ಟಲೆ ಆಯಿಲ್ ಬದಲಿಸದೆ ಟ್ರೈಲರ್ ಕಟ್ಟಿಕೊಂಡು ಹುಲಿಕಲ್ ಘಾಟಿ ಇಳಿಯುವುದು ಬೇಡ. ಟ್ರೈಲರ್ ಮೇಲೆ ಸುರಿಯುವ ಲಕ್ಷದಲ್ಲಿ ಒಂದಿಷ್ಟನ್ನು ಇದಕ್ಕೆ ಇಡಿ.

ಟ್ರೈಲರಿಗೆ ಸ್ವಂತ ಬ್ರೇಕ್ ಬೇಕಾ? ಯುರೋಪಿನಲ್ಲೂ ಆಸ್ಟ್ರೇಲಿಯಾದಲ್ಲೂ 750 ಕೆಜಿ ದಾಟಿದರೆ ಕಡ್ಡಾಯ. ಅವರಿಗಿಂತ ನಮ್ಮ ರಸ್ತೆ ಸುಲಭ ಅಂತ ಯಾರೂ ವಾದ ಮಾಡಲಾರರು. ಬ್ರೇಕಿನಲ್ಲಿ ಎರಡು ಬಗೆ. ಟ್ರೈಲರ್ ಮುಂದಕ್ಕೆ ನುಗ್ಗಿ ಗಾಡಿಯನ್ನು ತಳ್ಳಿದಾಗ ಆ ತಳ್ಳುವಿಕೆಯಿಂದಲೇ ಹಿಡಿಯುವ ಓವರ್‌ರನ್ ಬ್ರೇಕ್ ಅಗ್ಗ, ಸರಳ. ಆದರೆ ಉದ್ದ ಇಳಿಜಾರಿನಲ್ಲಿ ಟ್ರೈಲರ್ ತಳ್ಳುತ್ತಲೇ ಇರುವುದರಿಂದ ಬ್ರೇಕ್ ಹಿಡಿದೇ ಇರುತ್ತದೆ, ಕಾಯುತ್ತದೆ. ಎಲೆಕ್ಟ್ರಿಕ್ ಬ್ರೇಕಾದರೆ ಎಷ್ಟು ಹಿಡಿಯಬೇಕು ಅನ್ನುವುದು ಡ್ರೈವರ್ ಕೈಯಲ್ಲಿ. ಘಾಟಿಯ ಜನ ಹೆಚ್ಚು ದುಡ್ಡಾದರೂ ಎರಡನೆಯದನ್ನೇ ಆರಿಸಬೇಕು. ಬ್ರಿಟನ್ನಿನಲ್ಲಿ ಹೊಸಬರಿಗೆ ಕೊಡುವ ಸಲಹೆ, ತುಂಬಿದ ಟ್ರೈಲರ್ ಕಾರಿನ ಖಾಲಿ ತೂಕದ ನೂರಕ್ಕೆ 85 ದಾಟಬಾರದು ಅಂತ. ನಾವು ಮೇಲೆ ಹೇಳಿದ 1,950 ಕೆಜಿ ಗಾಡಿಗೆ ಅದು 1,650ರ ಮೇಲೆ ಹೋಯಿತು. ನನ್ನನ್ನು ಕೇಳಿದರೆ ನಮ್ಮಲ್ಲಿ ಖಾಲಿ ತೂಕದ ಅರ್ಧಕ್ಕೆ ನಿಲ್ಲಿಸಿ.

ಉದ್ದದ ಬಗ್ಗೆಯೂ ಯೋಚಿಸಿ, ಇದನ್ನು ಶೋರೂಮಿನಲ್ಲಿ ಯಾರೂ ಹೇಳುವುದಿಲ್ಲ. ತಿರುವಿನಲ್ಲಿ ಟ್ರೈಲರ್ ಗಾಡಿಯ ಜಾಡಿನಲ್ಲೇ ಬರುವುದಿಲ್ಲ, ಒಳಗೆ ಕತ್ತರಿಸುತ್ತದೆ. ಮುಂದಿನ ಚಕ್ರ 10 ಮೀಟರ್ ತ್ರಿಜ್ಯದ ತಿರುವು ತೆಗೆದುಕೊಂಡರೆ, ಮೂತಿಯಿಂದ ಅಚ್ಚಿಗೆ ಮೂರೂವರೆ ಮೀಟರ್ ಇರುವ ಟ್ರೈಲರಿನ ಚಕ್ರ ಸುಮಾರು ಒಂದು ಮೀಟರ್ ಒಳಗೆ ಸರಿಯುತ್ತದೆ. ಆ ಅಂತರ ಐದು ಮೀಟರಾದರೆ 1.7. ಆಗುಂಬೆ ಘಾಟಿಯಲ್ಲಿ 14 ಹೇರ್‌ಪಿನ್ ತಿರುವುಗಳಿವೆ, ಭಾರಿ ವಾಹನಗಳಿಗೆ ಅಲ್ಲಿ ಪ್ರವೇಶವೇ ಇಲ್ಲ. ಒಳಬದಿಯಲ್ಲಿ ಚರಂಡಿ, ಹೊರಬದಿಯಲ್ಲಿ ಎದುರಿನ ಗಾಡಿ. ಅಂಥಲ್ಲಿ ನಡುವೆ ನಿಂತು, ಏರಿನಲ್ಲಿ ಮತ್ತೆ ಹೊರಡಬೇಕಾದಾಗ ಸುಟ್ಟ ವಾಸನೆ ಬರುವುದು ಕ್ಲಚ್ಚಿನಿಂದ. ನಾನಂತೂ ಟ್ರೈಲರ್ ಕಟ್ಟಿ ಆಗುಂಬೆ ಇಳಿಯಿರಿ ಅಂತ ಯಾರಿಗೂ ಹೇಳುವುದಿಲ್ಲ. ಸೂರ್ಯಾಸ್ತ ನೋಡಬೇಕಾದರೆ ಟ್ರೈಲರನ್ನು ತಂಗಿದಲ್ಲೇ ಬಿಟ್ಟು ಬನ್ನಿ. ಬಿಚ್ಚಿಟ್ಟು ತಿರುಗಬಹುದು ಅನ್ನುವುದೇ ಟ್ರೈಲರಿನ ದೊಡ್ಡ ಅನುಕೂಲ.

ಹಿಚ್ಚಿನ ಬಗ್ಗೆ ಬೇಗ ಮುಗಿಸುತ್ತೇನೆ. ಬಿಡಿಭಾಗದ ಅಂಗಡಿಯಲ್ಲಿ ಬಂಪರಿಗೆ ಎರಡು ಬೋಲ್ಟಿನಲ್ಲಿ ಕೂರಿಸುವ ಕೊಕ್ಕೆ ಶೋಕಿಗೆ. ಹಿಚ್ ಚಾಸಿಗೆ ಕೂರಬೇಕು, ಅದಕ್ಕೂ ಒಂದು ಮೂಕಿಭಾರದ ಮಿತಿ ಇರುತ್ತದೆ. ಗಾಡಿ, ಹಿಚ್, ಗುಂಡು, ಈ ಮೂರರಲ್ಲಿ ಯಾವುದರ ಮಿತಿ ಕಡಿಮೆಯೋ ಅದೇ ನಿಮ್ಮ ಮಿತಿ. ಗುಂಡಿನ ಅಳತೆ ನೋಡಿ: 50 ಮಿ.ಮೀ. ಒಂದು, ಅಮೆರಿಕದ ಎರಡಿಂಚು, ಅಂದರೆ 50.8 ಮಿ.ಮೀ., ಇನ್ನೊಂದು. ಕಣ್ಣಿಗೆ ಒಂದೇ. ಗುಂಡಿನ ಮೇಲೆ ಕೂರುವ ಟ್ರೈಲರಿನ ಮೂತಿಯ ಬಟ್ಟಲು ಎರಡಿಂಚಿನದಾದರೆ 50ರ ಗುಂಡಿನ ಮೇಲೆ ಸಡಿಲ. ಸುರಕ್ಷತೆಯ ಸರಪಳಿ ಎರಡನ್ನೂ ಮೂತಿಯ ಕೆಳಗೆ ಅಡ್ಡಡ್ಡ ಹಾಯಿಸಿ ಕಟ್ಟಿ. ಮೂತಿ ಕಳಚಿದರೂ ನೆಲಕ್ಕೆ ಬೀಳದೆ ಸರಪಳಿಯ ಮೇಲೆ ಕೂರುತ್ತದೆ.

ಕಾನೂನು: 1988ರ ಮೋಟಾರು ವಾಹನ ಕಾಯ್ದೆಯ 61ನೇ ಸೆಕ್ಷನ್ ಪ್ರಕಾರ ಟ್ರೈಲರಿಗೂ ನೋಂದಣಿ ಬೇಕು, ಎಳೆಯುವ ಗಾಡಿಯ ನಂಬರು ಟ್ರೈಲರಿನ ಮೇಲೂ ಕಾಣಬೇಕು. ವಿಮೆ ಕಂಪನಿಗೆ ಟ್ರೈಲರ್ ಎಳೆಯುವ ವಿಷಯ ಲಿಖಿತವಾಗಿ ತಿಳಿಸಿ. ಹ್ಯಾಂಡ್‌ಬುಕ್ಕಿನಲ್ಲಿ ಟ್ರೈಲರ್ ಎಳೆಯಬೇಡಿ ಅಂತ ಬರೆದಿದ್ದರೆ ಅಲ್ಲಿಗೆ ಮುಗಿಯಿತು. "ಇದೇ ಮಾಡೆಲ್ ಆಸ್ಟ್ರೇಲಿಯಾದಲ್ಲಿ ಮೂರು ಟನ್ ಎಳೆಯುತ್ತದೆ" ಅನ್ನುವವರು ಸಿಗುತ್ತಾರೆ. ಅಲ್ಲಿನ ಗಾಡಿಯ ರೇಡಿಯೇಟರ್, ಗೇರ್ ಅನುಪಾತ, ಸಸ್ಪೆನ್ಶನ್ ಇಲ್ಲಿಯದೇ ಅಂತ ಖಾತ್ರಿ ಕೊಡುವವರು ಯಾರು?

ಕೊನೆಗೆ ಬಂದ ಪ್ರಶ್ನೆಗಳಲ್ಲಿ ಕೆಲವು.

ಒಬ್ಬರು ಆಟೋಮ್ಯಾಟಿಕ್ ಬಗ್ಗೆ ಕೇಳಿದರು. ಟಾರ್ಕ್ ಕನ್ವರ್ಟರ್ ಇರುವ ಆಟೋಮ್ಯಾಟಿಕ್ ಏರಿನಲ್ಲಿ ಹೊರಡಲು ಮ್ಯಾನ್ಯುಯಲ್‌ಗಿಂತ ವಾಸಿ, ಸವೆಯಲು ಕ್ಲಚ್ಚೇ ಇಲ್ಲ; ಗೇರ್ ಆಯಿಲ್ ಕಾಯದಂತೆ ನೋಡಿಕೊಳ್ಳಬೇಕು, ಇಳಿಯುವಾಗ ಕೈಯಿಂದ ಕೆಳಗಿನ ಗೇರು ಹಾಕಬೇಕು. ಎಎಂಟಿ ಅನ್ನುವ ಇನ್ನೊಂದು ಬಗೆಯ ಆಟೋಮ್ಯಾಟಿಕ್‌ನಲ್ಲಿ ಇರುವುದು ಮಾಮೂಲಿ ಕ್ಲಚ್ಚೇ, ಒತ್ತುವುದು ಮಾತ್ರ ಯಂತ್ರ. ಅದಕ್ಕೆ ಟ್ರೈಲರ್ ಕಟ್ಟಬೇಡಿ. ಎಲೆಕ್ಟ್ರಿಕ್ ಗಾಡಿ ಇಳಿಯುವಾಗ ಮೋಟಾರಿನಿಂದಲೇ ತಡೆಯುತ್ತದೆ, ಬ್ರೇಕಿಗೆ ಆರಾಮ. ಆದರೆ ಘಾಟಿಯ ತುದಿಯಲ್ಲೇ ಚಾರ್ಜ್ ಪೂರ್ತಿ ಮಾಡಿಕೊಂಡು ಇಳಿದರೆ ಆ ಶಕ್ತಿಯನ್ನು ತುಂಬಿಕೊಳ್ಳಲು ಬ್ಯಾಟರಿಯಲ್ಲಿ ಜಾಗವೇ ಇರುವುದಿಲ್ಲ.

"ವೆಲ್ಡಿಂಗ್ ಶಾಪಿನಲ್ಲಿ ಮಾಡಿಸಿದರೆ ಅರ್ಧಕ್ಕರ್ಧ ಉಳಿಯುತ್ತದಲ್ಲ?" ಟ್ರ್ಯಾಕ್ಟರ್ ಟ್ರೈಲರ್ ಮಾಡಿ ಪಳಗಿದ ಕೈಗಳು ನಮ್ಮಲ್ಲಿವೆ, ಅವರ ಕೆಲಸದ ಬಗ್ಗೆ ಮಾತಿಲ್ಲ. ಆದರೆ ಅವರ ಕೈ ಭಾರ. ಮುರಿಯಬಾರದು ಅಂತ ದಪ್ಪ ಆಂಗಲ್ ಹಾಕಿದರೆ ಖಾಲಿ ಟ್ರೈಲರೇ 900 ಕೆಜಿ ಆಗುತ್ತದೆ, ನಿಮ್ಮ ಸಾಮಾನಿಗೆ ಏನೂ ಉಳಿಯುವುದಿಲ್ಲ. ಅಡ್ವಾನ್ಸ್ ಕೊಡುವ ಮೊದಲು ಆ ಮಾದರಿ ನೋಂದಣಿ ಆಗುತ್ತದೆಯೇ ಅಂತ ಆರ್‌ಟಿಒ ಕಚೇರಿಯಲ್ಲಿ ವಿಚಾರಿಸಿ.

"ನಾವು ಇಬ್ಬರೇ, ವರ್ಷಕ್ಕೆ ಎರಡು ಸಲ ಹೋಗುವವರು, ನಮಗೆ ಬೇಕಾ?" ಬೇಡ ಅಂದೆ. ಗಾಡಿಯ ಮೇಲಿನ ಟೆಂಟ್ ಸಾಕು. ವರ್ಷದ ಹತ್ತು ತಿಂಗಳು ಮಲೆನಾಡಿನ ತೇವದಲ್ಲಿ ನಿಲ್ಲುವ ಟ್ರೈಲರಿನ ಹಾಸಿಗೆಗೆ ಬೂಷ್ಟು, ವೈರಿಗೆ ಇಲಿ, ಬೇರಿಂಗಿಗೆ ತುಕ್ಕು. ಕೇಳಿದವರಿಗೆ ಬೇಸರವಾಯಿತು, ಜೊತೆಗಿದ್ದವರಿಗೆ ಸಮಾಧಾನವಾದಂತೆ ಕಂಡಿತು.

ಮೊದಲ ಓಟ ಎಲ್ಲಿಗೆ ಅಂತ ಹುಡುಗನೊಬ್ಬ ಕೇಳಿದ. ಯಾವ ಘಾಟಿಗೂ ಬೇಡ. ಮೊದಲು ಖಾಲಿ ಮೈದಾನದಲ್ಲಿ ರಿವರ್ಸ್ ಕಲಿಯಬೇಕು: ಸ್ಟೀರಿಂಗಿನ ಕೆಳಭಾಗ ಹಿಡಿದುಕೊಂಡರೆ ಕೈ ಎತ್ತ ಹೋಗುತ್ತದೋ ಟ್ರೈಲರಿನ ಹಿಂಭಾಗ ಅತ್ತ ಹೋಗುತ್ತದೆ. ಆಮೇಲೆ ಬೆಳಿಗ್ಗೆ ಬೇಗ ಎದ್ದು ಸವಳಂಗ ರಸ್ತೆ ಹಿಡಿದು ಶಿಕಾರಿಪುರದ ಕಡೆ. ಹತ್ತು ಕಿಲೋಮೀಟರ್ ಹೋಗಿ ರಸ್ತೆ ಬದಿಗೆ ನಿಲ್ಲಿಸಿ, ಟ್ರೈಲರಿನ ಒಂದೊಂದು ಚಕ್ರದ ನಟ್ಟನಡುವೆ ಇರುವ ಗುಂಬದ, ಅಂದರೆ ಹಬ್ಬಿನ, ಹತ್ತಿರ ಅಂಗೈ ಹಿಡಿದು ನೋಡಬೇಕು. ಎರಡೂ ಒಂದೇ ಸಮ ಬೆಚ್ಚಗಿದ್ದರೆ ಮುಂದೆ ಹೋಗಬಹುದು. ಒಂದು ಮಾತ್ರ ಕೈಯಿಡಲಾಗದಷ್ಟು ಸುಡುತ್ತಿದ್ದರೆ ಆ ಕಡೆಯ ಬೇರಿಂಗ್ ಬಿಗಿಯಾಗಿದೆ, ಇಲ್ಲವೇ ಬ್ರೇಕ್ ಕಚ್ಚಿಕೊಂಡಿದೆ. ಬಿಚ್ಚಿಸಿ ನೋಡುವ ತನಕ ಶಿಕಾರಿಪುರ ಕಾಯಲಿ.